40 ಲೀಟರ್ ಕೊಂಬುಚಾ ಸೆಟಪ್: ವಾಲ್ವ್ ಹಿತ್ತಾಳೆದಾ ಸ್ಟೀಲಾ? ಟೆಂಪರೇಚರ್ ಕಂಟ್ರೋಲರ್ ಯಾವುದು ಹಾಕೋದು?

ಹಿತ್ಲಮನೆ
ಎಲ್ಲರಿಗೂ ನಮಸ್ಕಾರ. ಹೊಸನಗರದ ಕಡೆ, ಮನೆ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಸಲಕ್ಕೆ 40 ಲೀಟರ್ ಕೊಂಬುಚಾ (ಸಿಹಿ ಚಹಾ ಹುದುಗಿಸಿ ಮಾಡೋ ಹುಳಿ ಪಾನೀಯ) ಮಾಡೋ ಯೋಜನೆ. ಪಟ್ಟಿ ಹೀಗಿದೆ:

ಚಹಾ ಕುದಿಸೋಕೆ 50 ಲೀಟರಿನ ಸ್ಟೀಲ್ ಪಾತ್ರೆ, ಅದಕ್ಕೆ 3000 ವ್ಯಾಟ್ ಹೀಟರ್, ಕೆಳಗೆ ಅರ್ಧ ಇಂಚಿನ ಹಿತ್ತಾಳೆ ಬಾಲ್ ವಾಲ್ವ್. ಅಲ್ಲಿಂದ ಹುದುಗೋ ಡ್ರಮ್ಮಿಗೆ ಸಿಪಿವಿಸಿ ಪೈಪ್. ಡ್ರಮ್ಮಿಗೂ ಅದೇ ಹಿತ್ತಾಳೆ ನಲ್ಲಿ. ತಣಿಸೋಕೆ ತಾಮ್ರದ ಕಾಯಿಲ್, ಒಳಗೆ ಅಬ್ಬಿ ನೀರು (ಗುಡ್ಡದ ಒರತೆಯದ್ದು, ಸುಮಾರು 15 ಮೀಟರ್ ಎತ್ತರದಿಂದ ಬರುತ್ತೆ). ಉಷ್ಣತೆಗೆ ಪಿಐಡಿ ಕಂಟ್ರೋಲರ್ (ಹೀಟರನ್ನ ತಾನೇ ಏರಿಳಿಸಿ ಉಷ್ಣತೆ ನಿಖರವಾಗಿ ಹಿಡಿಯೋದು), ಕುದಿಸೋದಕ್ಕೂ ಹುದುಗಿಸೋದಕ್ಕೂ ಒಂದೇ. ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತೆ.

ಎಲ್ಲಿ ತಪ್ಪಿದೆ ಹೇಳಿ. ಇನ್ನೂ ಏನೂ ಕೊಂಡಿಲ್ಲ.

ಭದ್ರಾವತಿ ಲೇತ್
ಕೊಳ್ಳದೇ ಕೇಳಿದ್ರಲ್ಲ, ಅರ್ಧ ಕೆಲಸ ಆಯ್ತು.

ಮೊದಲು ಇಡೀ ಸೆಟಪ್ಪನ್ನ ಎರಡು ಭಾಗ ಮಾಡ್ಕೊಳ್ಳಿ, ಬಿಸಿ ಭಾಗ ಮತ್ತು ಹುಳಿ ಭಾಗ. ಬಿಸಿ ಭಾಗದಲ್ಲಿ ಇರೋದು ಬರೀ ಚಹಾ, ಸಕ್ಕರೆ. ಅದು ವಾಲ್ವ್ ಮುಟ್ಟೋದು ಕೆಲವೇ ನಿಮಿಷ. ಹುಳಿ ಭಾಗದಲ್ಲಿ ಪಿಎಚ್ 3ರ ಆಸುಪಾಸಿನ ದ್ರವ ವಾರಗಟ್ಟಲೆ ನಿಂತಿರುತ್ತೆ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು, ಲೇತಿನಲ್ಲಿ ಸಲೀಸಾಗಿ ಕತ್ತರಿಸೋಕೆ ಅಂತ ಸ್ವಲ್ಪ ಸೀಸವನ್ನೂ ಬೆರೆಸಿರ್ತಾರೆ. ಹುಳಿಗೆ ಮೂರೂ ಬಿಟ್ಕೊಳ್ತವೆ. ಮೇಲಿನ ಕ್ರೋಮ್ ಹೊಳಪು ನೋಡಿ ಮೋಸ ಹೋಗ್ಬೇಡಿ, ನಲ್ಲಿಯ ಒಳಮೈಗೆ ಅದು ಇರೋದೇ ಇಲ್ಲ. ಜಿಐ ಫಿಟಿಂಗ್ ಇನ್ನೂ ಕೆಟ್ಟದ್ದು, ಸತುವಿನ ಲೇಪ ನೇರ ಕರಗುತ್ತೆ.

ಹಾಗಾಗಿ ಡ್ರಮ್ಮಿಗೆ 304 ಸ್ಟೀಲಿನ (ನಿಕ್ಕಲ್ ಇರೋ, ಹುಳಿ ತಾಳೋ ಜಾತಿ) ತ್ರೀ-ಪೀಸ್ ಬಾಲ್ ವಾಲ್ವ್. ನಾಲ್ಕು ಬೋಲ್ಟ್ ಬಿಚ್ಚಿದ್ರೆ ನಡುವಿನ ತುಂಡು ಕೈಗೆ ಬರುತ್ತೆ, ಗುಂಡು, ಟೆಫ್ಲಾನ್ ಸೀಟು ಎಲ್ಲಾ ತೊಳೀಬಹುದು. ಒನ್-ಪೀಸ್ ವಾಲ್ವಿನಲ್ಲಿ ಎರಡು ತೊಂದರೆ. ಗುಂಡಿನ ಹಿಂದೆ ಸಿಕ್ಕಿಕೊಂಡ ದ್ರವ ಅಲ್ಲೇ ಕೊಳೆಯುತ್ತೆ, ತೊಳೆಯೋಕೆ ದಾರಿಯಿಲ್ಲ. ಜೊತೆಗೆ ಹೊರಗೆ ಅರ್ಧ ಇಂಚು ಅಂತಿದ್ರೂ ಒಳರಂಧ್ರ ಹತ್ತು ಮಿ.ಮೀ. ಸುತ್ತಮುತ್ತ ಅಷ್ಟೇ. ಸ್ಕೋಬಿಯ (ಹುದುಗಿಸೋ ಯೀಸ್ಟ್, ಬ್ಯಾಕ್ಟೀರಿಯಾದ ಪದರ) ಒಂದು ಎಳೆ ಸಾಕು ಕಟ್ಟಿಕೊಳ್ಳೋಕೆ.

ಮುರುಗಲುಹುಳಿ
ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ ಮುಟ್ಟಿಸಬಾರದು ಅನ್ನೋದು ನಮ್ಮ ಅಡುಗೆಮನೆಯ ಹಳೇ ಕಾಯ್ದೆ. ಸಾರು ಮಾಡೋರಿಗೆ ಗೊತ್ತಿರೋದು ಪ್ಲಂಬರಿಗೆ ಯಾಕೆ ಗೊತ್ತಿಲ್ವೋ.

ದುರ್ಗಿಗುಡಿ 2ನೇ ತಿರುವು
ಪಾತ್ರೆ ಕೊಳ್ಳುವಾಗ ಒಂದು ಆಯಸ್ಕಾಂತ ತಗೊಂಡು ಹೋಗಿ. ಅಂಟದಿದ್ರೆ 304. ಅಂಟಿದ್ರೆ ಡೂಪ್ಲಿಕೇಟ್.

ಭದ್ರಾವತಿ ಲೇತ್
@ದುರ್ಗಿಗುಡಿ ಇಲ್ಲ ಮಾರಾಯ್ರೇ, ಈ ಮಾತು ಎಲ್ಲಾ ಕಡೆ ಓಡಾಡ್ತಿದೆ, ಅರ್ಧ ಮಾತ್ರ ಸರಿ. ಅಂಟಿದ್ರೆ ನಿಕ್ಕಲ್ ಇಲ್ಲದ 430 ಜಾತಿಯದ್ದು ಇರಬಹುದು, ನಿಜ. ಆದ್ರೆ ಪೇಟೆಯ ಅಗ್ಗದ ಪಾತ್ರೆ ಬಹುತೇಕ 201 ಅಥವಾ 202. ಅವೂ ಅಂಟಲ್ಲ! ಅವುಗಳಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ. ಹುಳಿಗೆ, ಉಪ್ಪಿಗೆ ಬೇಗ ಚುಕ್ಕೆ ತುಕ್ಕು ಹಿಡಿಯುತ್ತೆ. ಇನ್ನೊಂದು ಕಡೆ ಅಪ್ಪಟ 304 ಪಾತ್ರೆಯೂ ಬಗ್ಗಿಸಿದ ಅಂಚಲ್ಲಿ ಸ್ವಲ್ಪ ಅಂಟುತ್ತೆ. ಬೇಕಾದ್ದು ಹನಿ ಪರೀಕ್ಷೆ: ಒಂದು ತೊಟ್ಟು ರಾಸಾಯನಿಕ, ಒಂದು ಬ್ಯಾಟರಿ, ಬಣ್ಣ ಕೆಂಪಾದ್ರೆ ಮ್ಯಾಂಗನೀಸ್ ಜಾಸ್ತಿ ಅಂತ ಅರ್ಥ. ಗುಜರಿ ಅಂಗಡಿಯವರ ಹತ್ರ ಈ ಕಿಟ್ ಇರುತ್ತೆ.

ಪಾನಾ ನಂಬರ್ 17
ಥ್ರೆಡ್ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋದೆಲ್ಲ ಬಿಎಸ್‌ಪಿ (ಬ್ರಿಟಿಷ್ ಅಳತೆಯ ಥ್ರೆಡ್). ಆನ್‌ಲೈನಲ್ಲಿ ಹೋಮ್‌ಬ್ರೂ ಸಾಮಾನು ಅಂತ ತರಿಸಿದ್ರೆ ಬಹಳಷ್ಟು ಎನ್‌ಪಿಟಿ (ಅಮೆರಿಕದ ಅಳತೆ). ಅರ್ಧ ಇಂಚಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಆದ್ದರಿಂದ ಮೊದಲ ಮೂರು ನಾಲ್ಕು ಸುತ್ತು ಸೊಗಸಾಗಿ ಹೋಗುತ್ತೆ. ಆಮೇಲೆ ಬಿಗಿ. ಥ್ರೆಡ್ಡಿನ ಕೋನ ಬೇರೆ, ಬಿಎಸ್‌ಪಿ 55 ಡಿಗ್ರಿ, ಎನ್‌ಪಿಟಿ 60. ಬಿಗಿ ಆಯ್ತಲ್ಲ ಅಂತ ಬಿಟ್ರೆ ಬಿಸಿಯಾದ ಮೇಲೆ ತೊಟ್ಟಿಕ್ಕುತ್ತೆ. ಒಂದು ಇಂಚಲ್ಲಾದ್ರೆ 11 ಮತ್ತು 11.5, ಶುರುವಲ್ಲೇ ಗೊತ್ತಾಗುತ್ತೆ. ಅರ್ಧ, ಮುಕ್ಕಾಲು ಇಂಚೇ ಮೋಸಗಾರ.

ಯಾವುದಾದ್ರೂ ಒಂದು ಜಾತಿಗೆ ಅಂಟ್ಕೊಳ್ಳಿ. ಇಲ್ಲಿದ್ದೋರಿಗೆ ಬಿಎಸ್‌ಪಿಯೇ ಸರಿ, ರಾತ್ರಿ ಏಳಕ್ಕೆ ಒಂದು ನಿಪ್ಪಲ್ ಬೇಕಾದ್ರೂ ಪೇಟೆಯಲ್ಲಿ ಸಿಗುತ್ತೆ.

ಸ್ಟೀಲ್ ಒಳಗೆ ಸ್ಟೀಲ್ ತಿರುಗಿಸುವಾಗ ಟೆಫ್ಲಾನ್ ಟೇಪ್ ಐದಾರು ಸುತ್ತು, ಥ್ರೆಡ್ ತುದಿ ನಿಮ್ಮ ಕಡೆ ಇರೋ ಹಾಗೆ ಹಿಡಿದು ಗಡಿಯಾರದ ದಿಕ್ಕಿಗೆ. ಸೋರದ ಹಾಗೆ ಮಾತ್ರ ಅಲ್ಲ, ಒಣ ಸ್ಟೀಲ್ ಥ್ರೆಡ್ ಒಂದಕ್ಕೊಂದು ಕಚ್ಚಿಕೊಂಡ್ರೆ ಆಮೇಲೆ ಗರಗಸವೇ ಗತಿ. ಪ್ಲಂಬರ್ ಸೆಣಬಿನ ನಾರು ಸುತ್ತಿ ಪೇಸ್ಟ್ ಬಳಿಯೋಕೆ ಬಂದ್ರೆ ಬೇಡ ಅನ್ನಿ.

ಹಿತ್ಲಮನೆ
ಪಾತ್ರೆಗೆ ತೂತು ಕೊರೆಸಿ ವೆಲ್ಡ್ ಮಾಡಿಸಬೇಕಾ, ಹಾಗೇ ಕೂರಿಸಬಹುದಾ?

ಪಾನಾ ನಂಬರ್ 17
ವೆಲ್ಡ್ ಬೇಡ. ತೆಳು ಪಾತ್ರೆಗೆ ಟಿಗ್ ವೆಲ್ಡ್ ಚೆನ್ನಾಗಿ ಮಾಡೋರು ಕಡಿಮೆ, ಒಳಮೈ ಕಪ್ಪಾಗಿ ಅಲ್ಲೇ ತುಕ್ಕು ಶುರುವಾಗುತ್ತೆ. ಟ್ಯಾಂಕ್ ನಿಪ್ಪಲ್ (ತೂತಲ್ಲಿ ತೂರಿಸಿ ನಟ್‌ನಿಂದ ಬಿಗಿಯೋ ಫಿಟಿಂಗ್) ಸಾಕು, ಆದ್ರೆ ಸ್ಟೀಲಿನದ್ದು.

ಅರ್ಧ ಇಂಚಿನ ಬಿಎಸ್‌ಪಿಯ ಹೊರವ್ಯಾಸ 20.96 ಮಿ.ಮೀ. ತೂತು 21, ಹೆಚ್ಚಂದ್ರೆ 22. ಅದಕ್ಕಿಂತ ದೊಡ್ಡದಾದ್ರೆ ಓ-ರಿಂಗ್ ಒಳಕ್ಕೆ ಹಿಂಡಿಕೊಂಡು ಹೋಗುತ್ತೆ. ಸೆಂಟರ್ ಪಂಚ್ ಹೊಡೆದು, 4 ಮಿ.ಮೀ. ಬಿಟ್‌ನಿಂದ ಶುರು ಮಾಡಿ, ಆಮೇಲೆ ಸ್ಟೆಪ್ ಡ್ರಿಲ್. ವೇಗ ಕಡಿಮೆ, ಒತ್ತಡ ಜಾಸ್ತಿ, ಎಣ್ಣೆ ಬಿಡ್ತಾ ಇರಿ. ವೇಗವಾಗಿ ತಿರುಗಿಸಿ ಬರೀ ಉಜ್ಜಿದ್ರೆ ಸ್ಟೀಲ್ ಆ ಜಾಗದಲ್ಲೇ ಗಟ್ಟಿಯಾಗಿ ಡ್ರಿಲ್ ಬಿಟ್ ಮೊಂಡಾಗುತ್ತೆ. ಕೊರೆದ ಅಂಚನ್ನ ಎರಡೂ ಕಡೆ ಅರ ಹಾಕಿ ನುಣುಪು ಮಾಡಿ, ಇಲ್ಲಾಂದ್ರೆ ಮೊದಲ ಸಲವೇ ಓ-ರಿಂಗ್ ಕತ್ತರಿಸುತ್ತೆ.

ಓ-ರಿಂಗ್ ಸಿಲಿಕಾನಿನದ್ದು. ಕಪ್ಪು ನೈಟ್ರೈಲ್ ಕುದಿಯೋ ಚಹಾಗೆ ರಬ್ಬರ್ ವಾಸನೆ ಕೊಡುತ್ತೆ. ಜಾಗ ಪಾತ್ರೆ ತಳದಿಂದ ಮೂರು ನಾಲ್ಕು ಸೆಂ.ಮೀ. ಮೇಲೆ, ಚಹಾಪುಡಿಯ ಗಸಿ ಕೆಳಗೇ ಉಳಿಯಲಿ.

ಕೊಟ್ಟಿಗೆ ವಯರಿಂಗ್
ಟ್ರೈ-ಕ್ಲಾಂಪ್ (ಎರಡು ಫ್ಲೇಂಜ್ ನಡುವೆ ಗ್ಯಾಸ್ಕೆಟ್ ಇಟ್ಟು ಹೊರಗಿಂದ ಕ್ಲಾಂಪ್ ಬಿಗಿಯೋ ಜೋಡಣೆ) ಯಾಕೆ ಯಾರೂ ಹೇಳ್ತಿಲ್ಲ? ಡೈರಿಗೆ ಫಿಟಿಂಗ್ ಮಾರೋರಲ್ಲಿ ಟಿಸಿ ಎಂಡ್ ಅಂತ ಕೇಳಿ. ಥ್ರೆಡ್ಡೇ ಇಲ್ಲ, ಕೊಳೆ ಕೂರೋ ಸಂದೂ ಇಲ್ಲ. ಒಂದು ಇಂಚು, ಒಂದೂವರೆ ಇಂಚು ಎರಡಕ್ಕೂ ಫ್ಲೇಂಜ್ 50.5 ಮಿ.ಮೀ., ಒಂದೇ ಕ್ಲಾಂಪ್ ಆಗುತ್ತೆ.

ಪಾನಾ ನಂಬರ್ 17
40 ಲೀಟರಿಗೆ ಅದು ಅತಿ. ಫೆರೂಲನ್ನ (ಆ ಫ್ಲೇಂಜ್ ಇರೋ ತುಂಡು) ಡ್ರಮ್ಮಿಗೆ ಕೂರಿಸೋಕೆ ಮತ್ತೆ ವೆಲ್ಡ್ ಬೇಕು, ಅದನ್ನೇ ಬೇಡ ಅಂದಿದ್ದು.

ಕೊಟ್ಟಿಗೆ ವಯರಿಂಗ್
ಒಂದು ಕಡೆ ಬಿಎಸ್‌ಪಿ, ಇನ್ನೊಂದು ಕಡೆ ಟಿಸಿ ಇರೋ ಅಡಾಪ್ಟರ್ ಸಿಗುತ್ತೆ ಸ್ವಾಮಿ.

ಪಾನಾ ನಂಬರ್ 17
ಹಾಗಾದ್ರೆ ಥ್ರೆಡ್ ಉಳಿದೇ ಉಳೀತಲ್ಲ!

ಚಹಾಗಸಿ
ಇವರಿಬ್ಬರು ಜಗಳ ಮುಗಿಸೋದ್ರೊಳಗೆ ಸಿಪಿವಿಸಿ ವಿಷಯ ಹೇಳ್ತೀನಿ. ಅದು ತಾಳೋದು 93 ಡಿಗ್ರಿವರೆಗೆ, ಮಾಮೂಲಿ ಪಿವಿಸಿ 60. ಕುದಿ ಬಂದ ಚಹಾ ಆ ಮಿತಿ ದಾಟುತ್ತೆ, ಜೊತೆಗೆ ಅಂಟಿಸೋ ಸಾಲ್ವೆಂಟ್ ವಾಸನೆ. ಅದಕ್ಕಿಂತ ದೊಡ್ಡ ಸಮಸ್ಯೆ, ಸ್ಥಿರವಾಗಿ ಅಂಟಿಸಿದ ಪೈಪಿನ ಒಳಗೆ ಬ್ರಷ್ ಹೋಗಲ್ಲ. ಸಿಲಿಕಾನ್ ಟ್ಯೂಬ್ ತಗೊಳ್ಳಿ, ಒಳವ್ಯಾಸ 12 ಮಿ.ಮೀ., ಗೋಡೆ ಕನಿಷ್ಠ 3. ವಾಲ್ವಿಗೆ ಹೋಸ್ ನಿಪ್ಪಲ್, ಮೇಲೆ ಸ್ಟೀಲ್ ಕ್ಲಿಪ್. ಕೆಲಸ ಮುಗಿದ ಮೇಲೆ ಬಿಚ್ಚಿ ಕುದಿಸಿ ತೂಗುಹಾಕಿದ್ರಾಯ್ತು. ಮೇಸ್ತ್ರಿಗಳ ಪಾರದರ್ಶಕ ಲೆವೆಲ್ ಪೈಪ್ ಮಾತ್ರ ತರಬೇಡಿ, ಬಿಸಿಗೆ ಸೇವಿಗೆ ಥರ ಮೆತ್ತಗಾಗಿ ನಿಪ್ಪಲಿಂದ ಜಾರಿ ಕಾಲ ಮೇಲೆ ಸುರಿಯುತ್ತೆ.

ಕೊಟ್ಟಿಗೆ ವಯರಿಂಗ್
ಈಗ ಕರೆಂಟಿನ ಲೆಕ್ಕ. 40 ಲೀಟರ್ ನೀರನ್ನ 22ರಿಂದ 90ಕ್ಕೆ ಏರಿಸೋಕೆ ಸುಮಾರು 3.2 ಯೂನಿಟ್. 3000 ವ್ಯಾಟಿನಲ್ಲಿ ಒಂದು ಗಂಟೆ ಚಿಲ್ಲರೆ. ಆದ್ರೆ ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 230ಕ್ಕೆ ಮಾಡಿದ ಹೀಟರಿಗೆ 180 ಕೊಟ್ರೆ ಶೇ. 61 ಮಾತ್ರ. ನಿಮ್ಮ 3000 ಅಲ್ಲಿ 1840 ಆಗುತ್ತೆ, ನಷ್ಟ ಸೇರಿದ್ರೆ ಎರಡು ಗಂಟೆ.

ಪೂರ್ತಿ ವೋಲ್ಟೇಜಲ್ಲಿ 13 ಆಂಪಿಯರ್ ಎಳೆಯುತ್ತೆ. 16 ಆಂಪಿಯರಿನ ಸಾಕೆಟ್, 4 ಚದರ ಮಿ.ಮೀ. ವಯರ್, ಪ್ರತ್ಯೇಕ ಎಂಸಿಬಿ, ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಡಿಯೋ ಸ್ವಿಚ್). ಆರ್‌ಸಿಸಿಬಿ ಇಲ್ಲದೆ ಶುರು ಮಾಡಲೇಬೇಡಿ. ಒದ್ದೆ ಕೊಟ್ಟಿಗೆ ನೆಲ, ಬರಿಗಾಲು, ಲೋಹದ ಪಾತ್ರೆ, ಒಳಗೆ ಹೀಟರ್. ಇನ್ನೇನು ಬೇಕು?

ಸೌದೆಒಲೆ
ಎಂಥಕ್ಕೆ ಇಷ್ಟೆಲ್ಲ? ಬಚ್ಚಲ ಒಲೆಗೆ ನಾಲ್ಕು ಅಡಿಕೆ ಹಾಳೆ, ಎರಡು ಕುಂಟೆ ಹಾಕಿದ್ರೆ ಅರ್ಧ ಗಂಟೆಗೆ ಕುದಿಯುತ್ತೆ.

ಚಹಾಗಸಿ
@ಸೌದೆಒಲೆ ತಮಾಷೆಗೆ ಹೇಳಿದ್ರೂ ವಿಷಯ ಇದೆ. ಅಷ್ಟೂ ನೀರನ್ನ ಒಂದೇ ಸಲ ಚಹಾ ಜೊತೆ ಕುದಿಸಬೇಕಾಗಿಲ್ಲ. 10 ಲೀಟರಲ್ಲಿ ಎಲ್ಲಾ ಚಹಾ (200 ರಿಂದ 240 ಗ್ರಾಂ) ಮತ್ತು ಸಕ್ಕರೆ (ಸುಮಾರು 2.8 ಕೆ.ಜಿ.) ಹಾಕಿ ಗಟ್ಟಿ ಕಷಾಯ ಮಾಡಿ. ಮೇಲೆ ಹಿಂದಿನ ದಿನ ಕುದಿಸಿ ಆರಿಸಿದ 26 ಲೀಟರ್ ನೀರು, 4 ಲೀಟರ್ ಹಳೇ ಕೊಂಬುಚಾ. 95ರ 10 ಲೀಟರಿಗೆ 22ರ 26 ಲೀಟರ್ ಸೇರಿದ್ರೆ 42 ಡಿಗ್ರಿ ಆಸುಪಾಸು. ಅಲ್ಲಿಂದ 28ಕ್ಕೆ ಇಳಿದ ಮೇಲೆ ಮಾತ್ರ ಹಳೇ ಕೊಂಬುಚಾ ಮತ್ತು ಸ್ಕೋಬಿ. ಬಿಸಿಗೆ ಹಾಕಿದ್ರೆ ಸತ್ತು ಹೋಗುತ್ತೆ. ಆ ಹುಳಿ 4 ಲೀಟರ್ ಕಡಿಮೆ ಮಾಡಬೇಡಿ, ಶುರುವಲ್ಲೇ ಪಿಎಚ್ 4.5ರ ಕೆಳಗೆ ಇಳೀದಿದ್ರೆ ಬೂಷ್ಟು ಹಿಡಿಯುತ್ತೆ. ಮಳೆಗಾಲದಲ್ಲಿ ಖಂಡಿತ.

ಹಿಂದಿನ ದಿನದ ನೀರಿಗೆ ಬಚ್ಚಲ ಒಲೆ ಆಗಬಹುದು, ಹಂಡೆ ತಾಮ್ರದ್ದಾದ್ರೂ ಬರೀ ನೀರಿಗೆ ಅಡ್ಡಿಯಿಲ್ಲ. ಹೊಗೆ ವಾಸನೆ ಬರದ ಹಾಗೆ ಮುಚ್ಚಳ ಹಾಕಿ.

ಗಾಜನೂರು ಗೇಟ್
ಪಿಐಡಿ ಬಗ್ಗೆ ನನ್ನ ಮತ: ಹಾಕಿ. ನಿಖರವಾದ್ದು ಯಾವಾಗಲೂ ಒಳ್ಳೇದು.

ಕೊಟ್ಟಿಗೆ ವಯರಿಂಗ್
ಯಾವುದಕ್ಕೆ ಒಳ್ಳೇದು ಅನ್ನೋದೇ ಪ್ರಶ್ನೆ. ಪಿಐಡಿ ಹೋಮ್‌ಬ್ರೂನಲ್ಲಿ ಹೆಸರು ಮಾಡಿದ್ದು ಬಿಯರಿನ ಮ್ಯಾಶಿನಿಂದ. ಅಂದ್ರೆ ಮೊಳಕೆ ಬಾರ್ಲಿಯನ್ನ ಬಿಸಿನೀರಲ್ಲಿ ನೆನೆಸಿ 62ರಿಂದ 68 ಡಿಗ್ರಿ ನಡುವೆ ಒಂದು ಗಂಟೆ ಹಿಡಿದಿಡಬೇಕು. ಕೆಳಗಾದ್ರೆ ತೆಳು, ಮೇಲಾದ್ರೆ ಮಂದ, ಎರಡು ಡಿಗ್ರಿಗೇ ರುಚಿ ಬದಲು. ಅಲ್ಲಿ ಪಿಐಡಿಗೆ ಅರ್ಥ ಇದೆ. ಕೊಂಬುಚಾ ಚಹಾಗೆ ಬೇಕಾದ್ದು ಬರೀ "ಕುದಿಯಿತು, ಆರಿಸು".

ಇನ್ನೊಂದು ಎಡವಟ್ಟು: ಕಂಟ್ರೋಲರನ್ನ 100ಕ್ಕೆ ಇಟ್ರೆ ಅದು ಯಾವತ್ತೂ ಆರಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ 570 ಮೀಟರ್ ಹತ್ರ ಇದೆ, ಇಲ್ಲಿ ನೀರು ಕುದಿಯೋದೇ 98ಕ್ಕೆ. ಅದು 100ಕ್ಕೆ ಕಾಯ್ತಾ ಕೂತ್ರೆ ಪಾತ್ರೆ ಬತ್ತಿ ಹೀಟರ್ ಸುಡುತ್ತೆ.

ಹಾಕೇ ಹಾಕ್ತೀನಿ ಅಂದ್ರೆ ಕೇಳಿ. ಆರ್‌ಇಎಕ್ಸ್-ಸಿ100 ಅನ್ನೋ ಪಿಐಡಿ ಎರಡು ಥರ ಬರುತ್ತೆ, ಒಳಗೇ ರಿಲೇ ಇರೋದು ಮತ್ತು ಹೊರಗಿನ ಎಸ್‌ಎಸ್‌ಆರ್‌ಗೆ (ಹೀಟರನ್ನ ಆನ್-ಆಫ್ ಮಾಡೋ ಎಲೆಕ್ಟ್ರಾನಿಕ್ ರಿಲೇ) ಸಿಗ್ನಲ್ ಕೊಡೋದು. ತಪ್ಪಿ ರಿಲೇದು ತಂದು ಎಸ್‌ಎಸ್‌ಆರ್ ಜೋಡಿಸಿದ್ರೆ ಏನೂ ನಡೆಯಲ್ಲ. 13 ಆಂಪಿಯರಿಗೆ 40 ಆಂಪಿಯರಿನ ಎಸ್‌ಎಸ್‌ಆರ್, ಅದಕ್ಕೆ ಹೀಟ್‌ಸಿಂಕ್, ನಡುವೆ ಥರ್ಮಲ್ ಪೇಸ್ಟ್. ಪ್ರತಿ ಆಂಪಿಯರಿಗೆ ಒಂದು ವ್ಯಾಟಿನಷ್ಟು ಶಾಖ ಅದರಲ್ಲೇ ಹುಟ್ಟುತ್ತೆ. ಮತ್ತೆ ಎಸ್‌ಎಸ್‌ಆರ್ ಕೆಟ್ರೆ ಸಾಮಾನ್ಯವಾಗಿ ಆನ್ ಸ್ಥಿತಿಯಲ್ಲೇ ಕೆಡುತ್ತೆ. ಡಿಸ್‌ಪ್ಲೇ ಆಫ್ ಅಂತ ತೋರಿಸ್ತಿರುತ್ತೆ, ಹೀಟರ್ ಕಾಯ್ತಾನೇ ಇರುತ್ತೆ. ಅದಕ್ಕೇ ಕೈಯಿಂದ ಆರಿಸೋ ಸ್ವಿಚ್ ಮುಂಚೆ ಇರಲೇಬೇಕು.

ಗಾಜನೂರು ಗೇಟ್
ಗ್ರೀನ್ ಟೀ 80ಕ್ಕೆ ಹಾಕಬೇಕಲ್ಲ, ಅದಕ್ಕೆ?

ಚಹಾಗಸಿ
ಥರ್ಮಾಮೀಟರ್ ನೋಡಿ ಸ್ವಿಚ್ ಆರಿಸಿ. ಬೆರಳು ಇದೆಯಲ್ಲ.

ಮಂಜಿನಹನಿ
ನಿಜವಾಗಿ ಕಂಟ್ರೋಲ್ ಬೇಕಿರೋದು ಡ್ರಮ್ಮಿಗೆ. 24ರಿಂದ 29 ಡಿಗ್ರಿ, ಒಂದರಿಂದ ಎರಡು ವಾರ. ಜುಲೈಯಲ್ಲಿ ಹೊಸನಗರದ ಹಗಲೇ 22, 23. ಡಿಸೆಂಬರ್ ರಾತ್ರಿ ಇನ್ನೂ ಕೆಳಗೆ. ತಂಪಾದಷ್ಟೂ ಹುಳಿ ಏರೋದು ನಿಧಾನ, ಅಷ್ಟೂ ದಿನ ಬೂಷ್ಟಿಗೆ ಅವಕಾಶ.

ಇದಕ್ಕೆ ಎಸ್‌ಟಿಸಿ-1000 ಅನ್ನೋ ಸಾದಾ ಆನ್-ಆಫ್ ಕಂಟ್ರೋಲರ್ ಸಾಕು. ಕೊಳ್ಳುವಾಗ ಸ್ಟಿಕ್ಕರ್ ಓದಿ, 12, 24, 230 ವೋಲ್ಟ್ ಮೂರೂ ಒಂದೇ ಥರ ಕಾಣ್ತವೆ. 1, 2ಕ್ಕೆ ಕರೆಂಟ್, 3, 4ಕ್ಕೆ ಸೆನ್ಸರ್, 5, 6 ಬಿಸಿ, 7, 8 ತಂಪು. ಎಲ್ಲರೂ ಎಡವೋದು ಎಲ್ಲಿ ಅಂದ್ರೆ 5ರಿಂದ 8 ಬರೀ ಸ್ವಿಚ್, ಅಲ್ಲಿಂದ ಕರೆಂಟ್ ತಾನಾಗೇ ಬರಲ್ಲ. 1ರಿಂದ ಫೇಸನ್ನ 5ಕ್ಕೂ 7ಕ್ಕೂ ಎಳೀಬೇಕು. ರಿಲೇ 10 ಆಂಪಿಯರ್, ನಿಮ್ಮ 3000 ವ್ಯಾಟಿನ ಹೀಟರನ್ನ ಇದಕ್ಕೆ ಕೊಟ್ರೆ ಸುಟ್ಟು ಹೋಗುತ್ತೆ. ಡ್ರಮ್ಮಿಗೆ ಸುತ್ತೋ 30 ವ್ಯಾಟಿನ ಹೀಟ್ ಬೆಲ್ಟಿಗೆ ಧಾರಾಳ.

ಸೆಟ್ಟಿಂಗ್: ಎಫ್1 26 ಡಿಗ್ರಿ, ಎಫ್2 ವ್ಯತ್ಯಾಸ 0.5 ಅಥವಾ 1, ಎಫ್3 ಕಂಪ್ರೆಸರ್ ವಿಳಂಬ (ಫ್ರಿಜ್ ಇದ್ರೆ 5 ನಿಮಿಷ ಮೇಲೆ), ಎಫ್4 ತಿದ್ದುಪಡಿ. ಐಸ್ ಪುಡಿ ಮಾಡಿ ಸ್ವಲ್ಪ ನೀರು ಬೆರೆಸಿ ಸೆನ್ಸರ್ ಮುಳುಗಿಸಿ, 0 ತೋರಿಸದಿದ್ರೆ ಎಷ್ಟು ತಪ್ಪೋ ಅಷ್ಟು ಎಫ್4ನಲ್ಲಿ ಹಾಕಿ.

ಮಂಜಿನಹನಿ
ಮರೆತೆ, ಮುಖ್ಯವಾದ್ದು. ಕಂಟ್ರೋಲರಿಗಿಂತ ಸೆನ್ಸರ್ ಎಲ್ಲಿದೆ ಅನ್ನೋದು ದೊಡ್ಡದು. ಸೆನ್ಸರನ್ನ ಗಾಳಿಗೆ ಬಿಟ್ರೆ ಅದು ಕೋಣೆ ಅಳೆಯುತ್ತೆ, ಡ್ರಮ್ ಅಲ್ಲ. ಬೆಲ್ಟಿನ ಪಕ್ಕ ಅಂಟಿಸಿದ್ರೆ ಬೆಲ್ಟ್ ಅಳೆಯುತ್ತೆ, ಒಳಗಿನ ಚಹಾ 21ರಲ್ಲೇ ಇರುವಾಗ 26 ಆಯ್ತು ಅಂತ ಆರಿಸುತ್ತೆ. ಬೆಲ್ಟಿಗೆ ಎದುರು ಬದಿ, ಡ್ರಮ್ಮಿನ ನಡು ಎತ್ತರದಲ್ಲಿ ಅಂಟಿಸಿ ಮೇಲೆ ಒಂದು ಇಂಚು ಥರ್ಮೋಕೋಲ್ ಕಟ್ಟಿ. ಅದಕ್ಕಿಂತ ಒಳ್ಳೇದು ಥರ್ಮೋವೆಲ್, ಒಂದು ತುದಿ ಮುಚ್ಚಿದ ಸ್ಟೀಲ್ ಕೊಳವೆ ಮೇಲಿನಿಂದ ಇಳಿಬಿಟ್ಟು ಸೆನ್ಸರನ್ನ ಅದರೊಳಗೆ ಹಾಕೋದು. ಸೆನ್ಸರನ್ನ ಬರಿದೇ ಹುಳಿಯೊಳಗೆ ಮುಳುಗಿಸಬೇಡಿ, ಅದರ ವಯರಿನ ಹೊದಿಕೆ ತಿನ್ನೋ ಪದಾರ್ಥಕ್ಕೆ ಮಾಡಿದ್ದಲ್ಲ.

ಬೆಲ್ಟ್ ತಳಕ್ಕೆ ಬೇಡ, ಪಕ್ಕಕ್ಕೆ ಸುತ್ತಿ. ತಳ ಕಾದ್ರೆ ಕೆಳಗೆ ಕೂತ ಯೀಸ್ಟ್ ಮಾತ್ರ ಓಡುತ್ತೆ, ಮೇಲಿನ ಸ್ಕೋಬಿ ಹಿಂದೆ ಬೀಳುತ್ತೆ.

ಹಿತ್ಲಮನೆ
ಕರೆಂಟ್ ನಾಲ್ಕು ಗಂಟೆ ಹೋದ್ರೆ? ಇಲ್ಲಿ ಮಳೆಗಾಲದಲ್ಲಿ ಅದು ದಿನಚರಿ.

ಮಂಜಿನಹನಿ
ಏನೂ ಆಗಲ್ಲ. 40 ಲೀಟರನ್ನ ಒಂದು ಡಿಗ್ರಿ ಏರಿಸೋಕೇ 30 ವ್ಯಾಟಿಗೆ ಒಂದೂವರೆ ಗಂಟೆ ಬೇಕು, ಇಳಿಯೋದೂ ಅಷ್ಟೇ ನಿಧಾನ. ಒಂದು ಕಂಬಳಿ ಸುತ್ತಿದ್ರೆ ಸಾಕು. ಬಾಯಿ ಮಾತ್ರ ಬಟ್ಟೆಯಲ್ಲೇ ಇರಲಿ, ಅದಕ್ಕೆ ಗಾಳಿ ಬೇಕು. ಗುಡುಗು ಬಂದ್ರೆ ಪ್ಲಗ್ ಕಿತ್ತುಬಿಡಿ.

ದುರ್ಗಿಗುಡಿ 2ನೇ ತಿರುವು
ನಮ್ಮ ಪೇಟೆಯಲ್ಲಿ ಏಪ್ರಿಲಲ್ಲಿ 36 ದಾಟುತ್ತೆ, ಅದಕ್ಕೇನು ಮಾಡೋದು?

ಮಂಜಿನಹನಿ
ಒದ್ದೆ ಗೋಣಿ, ಪಕ್ಕದಲ್ಲಿ ಫ್ಯಾನ್. ಒಣಹವೆಯಲ್ಲಿ ನಾಲ್ಕೈದು ಡಿಗ್ರಿ ಇಳಿಯುತ್ತೆ. ಜೂನಿನ ತೇವದಲ್ಲಿ ಕೆಲಸ ಮಾಡಲ್ಲ, ಆದ್ರೆ ಆಗ ಬೇಕಾಗೋದೂ ಇಲ್ಲ.

ಭದ್ರಾವತಿ ಲೇತ್
ಕಾಯಿಲ್ ಬಗ್ಗೆ. 15 ಮೀಟರ್ ಎತ್ತರ ಅಂದ್ರೆ ಒಂದೂವರೆ ಬಾರ್ ಒತ್ತಡ, 10 ಮಿ.ಮೀ. ಕೊಳವೆ ಹತ್ತು ಮೀಟರ್ ಸುತ್ತಿದ್ರೂ ನೀರು ಚೆನ್ನಾಗಿ ಹರಿಯುತ್ತೆ. ತಾಮ್ರ ಸ್ಟೀಲಿಗಿಂತ ಬೇಗ ಶಾಖ ದಾಟಿಸುತ್ತೆ, ಸಿಹಿ ಚಹಾಗೆ ಮುಳುಗಿಸಿ ತೆಗೆಯೋದಾದ್ರೆ ಪರವಾಗಿಲ್ಲ. ಹಳೇ ಕೊಂಬುಚಾ ಸೇರಿಸಿದ ಮೇಲೆ ಅದು ಒಳಗಿರಬಾರದು. ಮರೆತುಹೋಗೋ ಸ್ವಭಾವ ಇದ್ರೆ ಸ್ಟೀಲ್ ಕಾಯಿಲೇ ತಗೊಳ್ಳಿ.

ಎರಡೂ ತುದಿಯ ಜೋಡಣೆ ಪಾತ್ರೆಯ ಅಂಚಿನಿಂದ ಹೊರಗೆ, ಕೆಳಮುಖವಾಗಿ ಇರಲಿ. ಜೋಡಣೆ ಪಾತ್ರೆಯ ಮೇಲೇ ಇದ್ರೆ ತೊಟ್ಟಿಕ್ಕೋ ಹಸಿ ಅಬ್ಬಿ ನೀರು ನೇರ ಚಹಾಗೆ. ಕುದಿಸಿದ್ದೆಲ್ಲ ದಂಡ. ಪ್ಲೇಟ್ ಚಿಲ್ಲರ್ (ತೆಳು ತಗಡುಗಳ ನಡುವೆ ಹರಿಸಿ ತಣಿಸೋದು) ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಮಳೆಗಾಲದ ಕೆಸರು ಒಂದು ಕಡೆ, ಚಹಾಗಸಿ ಇನ್ನೊಂದು ಕಡೆ ಕಟ್ಟುತ್ತೆ.

ಚಹಾಗಸಿ
ನನ್ನ ಹೆಸರು ಎಳೀಬೇಡಿ 😄

ಸೌದೆಒಲೆ
ಇದೇ ಸೆಟಪ್ಪಲ್ಲಿ ಬಿಯರ್ರೂ ಆಗುತ್ತಲ್ವಾ? ಸುಮ್ನೆ ಕೇಳ್ದೆ.

ಮುರುಗಲುಹುಳಿ
ಸುಮ್ನೆ ಕೇಳಿದ್ದಕ್ಕೆ ಸುಮ್ನೆ ಉತ್ತರ: ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಮನೆಗೆ ಅಂದ್ರೂ. ಕೊಂಬುಚಾದಲ್ಲೂ ಸ್ವಲ್ಪ ಆಲ್ಕೋಹಾಲ್ ಹುಟ್ಟುತ್ತೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಶೇ. 0.5 ದಾಟಿದ್ರೆ ಅದು ಮದ್ಯದ ಲೆಕ್ಕ. ಬಾಟಲಿಯಲ್ಲಿ ಮತ್ತೆ ಸಕ್ಕರೆ ಹಾಕಿ ಬೆಚ್ಚಗೆ ತುಂಬ ದಿನ ಇಟ್ರೆ ಏರೋದು ಅದೇ. ಲೀಟರಿಗೆ 4, 5 ಗ್ರಾಂ ಸಕ್ಕರೆ, ಗ್ಯಾಸ್ ತುಂಬಿ ಬಾಟಲಿ ಗಟ್ಟಿಯಾದ ಕೂಡಲೇ ಫ್ರಿಜ್. ಗಟ್ಟಿಯಾಗಿದ್ದು ಗೊತ್ತಾಗೋಕೆ ಒಂದು ಬಾಟಲಿ ಮಾತ್ರ ಪ್ಲಾಸ್ಟಿಕ್ಕಿನ ಸೋಡಾ ಬಾಟಲಿ ಇರಲಿ, ಹಿಚುಕಿ ನೋಡಬಹುದು. ಗಾಜಿನದ್ದು ಹೇಳದೇ ಒಡೆಯುತ್ತೆ.

ಗಾಜನೂರು ಗೇಟ್
ಅಬ್ಬಿ ನೀರು ಇಲ್ಲದೋರು ಬೋರ್ ನೀರು ಬಳಸಬಹುದಾ?

ಚಹಾಗಸಿ
ಕಬ್ಬಿಣ ಇರೋ ಬೋರ್ ಆದ್ರೆ ಚಹಾ ಮಸಿಯಂತೆ ಕಪ್ಪಾಗುತ್ತೆ. ಚಹಾದ ಒಗರಿಗೂ ಕಬ್ಬಿಣಕ್ಕೂ ಸೇರಿದ್ರೆ ಮಸಿಯೇ. ಒಂದು ಲೋಟ ಕಪ್ಪು ಚಹಾ ಮಾಡಿ ನೋಡಿ, ಅದೇ ಪರೀಕ್ಷೆ.

ಹಿತ್ಲಮನೆ
ಎಲ್ಲರಿಗೂ ಧನ್ಯವಾದ. ತಿದ್ದಿದ ಪಟ್ಟಿ: ಹನಿ ಪರೀಕ್ಷೆ ಮಾಡಿಸಿದ 20 ಲೀಟರಿನ ಪಾತ್ರೆ, 2000 ವ್ಯಾಟ್ ಹೀಟರ್, ಪಿಐಡಿ ರದ್ದು. ಪಾತ್ರೆಗೂ ಡ್ರಮ್ಮಿಗೂ ಅರ್ಧ ಇಂಚು ಬಿಎಸ್‌ಪಿ ತ್ರೀ-ಪೀಸ್ ವಾಲ್ವ್. ಸಿಲಿಕಾನ್ ಟ್ಯೂಬ್. ಎಸ್‌ಟಿಸಿ-1000, ಹೀಟ್ ಬೆಲ್ಟ್, ಥರ್ಮೋವೆಲ್. ಆರ್‌ಸಿಸಿಬಿ. ಕಾಯಿಲ್ ಸ್ಟೀಲಿನದ್ದು, ಮರೆಯೋ ಸ್ವಭಾವ ಇದೆ. ಎಲ್ಲಾ ಬ್ಲೀಚಲ್ಲಿ ತೊಳೆದು ಶುರು ಮಾಡ್ತೀನಿ.

ಭದ್ರಾವತಿ ಲೇತ್
ಬ್ಲೀಚ್ ಬೇಡ!! ಕ್ಲೋರಿನ್ ಸ್ಟೀಲಿಗೆ ಸೂಜಿಮೊನೆ ತೂತು ಹಾಕುತ್ತೆ. ಬಿಸಿನೀರಲ್ಲಿ ವಾಷಿಂಗ್ ಸೋಡಾ, ತೊಳೆದು, ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿದ ನೀರು ಒಂದು ರಾತ್ರಿ ತುಂಬಿಡಿ. ಹೊಸ ವಾಲ್ವಿನ ಒಳಗೆ ಮಷಿನ್ ಎಣ್ಣೆ ಇರುತ್ತೆ, ನಾಲ್ಕೂ ಬೋಲ್ಟ್ ಬಿಚ್ಚಿ ತೊಳೀರಿ.

ಪಾನಾ ನಂಬರ್ 17
ಬಿಚ್ಚಿದಾಗ ಟೆಫ್ಲಾನ್ ಸೀಟ್ ಎರಡು ಇರ್ತವೆ, ಒಂದು ಮೋರಿಗೆ ಹೋಗದ ಹಾಗೆ ತಟ್ಟೆ ಇಟ್ಕೊಳ್ಳಿ.

ಕೊಟ್ಟಿಗೆ ವಯರಿಂಗ್
ಟ್ರೈ-ಕ್ಲಾಂಪಲ್ಲಾಗಿದ್ರೆ ಬೋಲ್ಟೇ ಬಿಚ್ಚಬೇಕಿರಲಿಲ್ಲ.

ಪಾನಾ ನಂಬರ್ 17
ಶುರುವಾಯ್ತು.